ಮುಳಬಾಗಿಲು ತಾಲ್ಲೂಕಿನ ಅಳಿವೆ

ಮುಳಬಾಗಿಲು ತಾಲ್ಲೂಕಿನಲ್ಲಿ ಸಮುದ್ರವಿಲ್ಲ. ಈ ಸಂಗತಿಯನ್ನು ಸರ್ಕಾರವು ನನಗೆ ಬರಹದ ಮೂಲಕ, ನಂಬರು ಹಾಕಿ, ಮೊಹರು ಒತ್ತಿ ತಿಳಿಯಪಡಿಸಿದೆ. ಭೂಗೋಳದ ಪಾಠ ಹೇಳಿ ಹೊಟ್ಟೆ ಹೊರೆಯುವ ಮನುಷ್ಯನಿಗೆ ಇಂಥ ಕಾಗದ ಬರುವುದೆಂದರೆ ಅಡುಗೆಯವನಿಗೆ ಉಪ್ಪು ಉಪ್ಪಾಗಿರುತ್ತದೆಂದು ತಂತಿ ಕಳುಹಿಸಿದ ಹಾಗೆ. ಕಾಗದ ಬಂದು ಏಳೆಂಟು ವರ್ಷಗಳಾದುವು. ಅದನ್ನು ಹರಿದುಹಾಕಲು ಮನಸ್ಸು ಬರಲಿಲ್ಲ. ಎಲ್ಲರಿಗೂ ಕಾಣುವಂತೆ ಇಡಲು ಧೈರ್ಯವಿರಲಿಲ್ಲ. ಪೆಟ್ಟಿಗೆಯಲ್ಲಿ ನನ್ನ ಪದವಿಪತ್ರದ ಕೆಳಗೆ ಮಡಿಸಿಟ್ಟಿದ್ದೇನೆ. ಪದವಿಪತ್ರವನ್ನು ಹೊರತೆಗೆಯುವ ಸಂದರ್ಭ ಬಂದಾಗಲೆಲ್ಲ ಇದೂ ಕೈಗೆ ತಗಲುತ್ತದೆ. ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಕೇಳಿದರೆ ಉತ್ತರ ಅಷ್ಟು ಸುಲಭವಲ್ಲ. ಆದುದರಿಂದಲೇ ಈ ಬರಹ.

ಸಿಟ್ಟಿಗೆ ಮೂಲವಾದದ್ದು ಒಂದು ಪದ: ಅಳಿವೆ. ನದಿಯು ಸಮುದ್ರವನ್ನು ಹೊಗುವ ಸ್ಥಳಕ್ಕೆ ಅಳಿವೆಯೆಂದು ಹೆಸರು. ಶ್ರೀನಿವಾಸಪುರದ ನನ್ನ ವಿದ್ಯಾರ್ಥಿಗಳು ಮಾವಿನ ತೋಪುಗಳ ನಡುವೆ ಕುಳಿತು ಈ ವಾಕ್ಯವನ್ನು ವರ್ಷ ವರ್ಷವೂ ಬಾಯಿಪಾಠ ಮಾಡುತ್ತಾರೆ. ಅವರು ಸಮುದ್ರ ನೋಡಿದವರಲ್ಲ. ಅವರ ಮೇಷ್ಟರೂ ನೋಡಿದವನಲ್ಲ. ಆದರೂ ಪರೀಕ್ಷೆಯಲ್ಲಿ ಕೇಳುತ್ತಾರೆ, ನಾವು ಬರೆಯುತ್ತೇವೆ, ಯಾರೋ ಸರಿ ಹಾಕುತ್ತಾರೆ. ಹೀಗೆ ನೋಡದವರು ನೋಡದವರಿಗೆ ಹೇಳಿ, ನೋಡದವರಿಂದ ತಿದ್ದಿಸಿಕೊಂಡು, ಈ ಅಳಿವೆ ನಮ್ಮ ಸೀಮೆಯಲ್ಲಿ ಗಟ್ಟಿಯಾಗಿ ನೆಲೆಗೊಂಡಿದೆ.

ನನ್ನ ವಿಷಯವನ್ನೂ ಎರಡು ಮಾತಿನಲ್ಲಿ ನಿವೇದಿಸಬೇಕು. ನಮ್ಮೂರು ಮುಳಬಾಗಿಲು ತಾಲ್ಲೂಕಿನ ಒಂದು ಹಳ್ಳಿ; ಶ್ರೀನಿವಾಸಪುರಕ್ಕೆ ಪಾಠ ಹೇಳಲು ಹೋಗಿಬರುತ್ತೇನೆ. ನಮ್ಮ ವಂಶದಲ್ಲಿ ಅಕ್ಷರ ಬಲ್ಲವರು ನನಗೆ ಮುಂಚೆ ಇರಲಿಲ್ಲ. ನಮ್ಮಪ್ಪನ ಸಹಿ ಎಂದರೆ ಎಡಗೈ ಹೆಬ್ಬೆಟ್ಟು. ಅಂಥ ಮನೆಯಿಂದ ಹೊರಟು ಬಿ.ಎ. ಮಾಡಿದವನಿಗೆ ಭಾಷೆ ಎಂಬುದು ಎರವಲು ತಂದ ಜರಿಪಂಚೆಯಂತೆ. ಉಟ್ಟಿದ್ದಷ್ಟು ಹೊತ್ತೂ ಎಲ್ಲಿ ಕೊಳೆಯಾದೀತೋ ಎಂಬ ಭಯ. ಒಂದು ಕಾರ್ಡು ಬರೆಯಬೇಕಾದರೂ ಮೊದಲು ಹಾಳೆಯಲ್ಲಿ ಬರೆದು, ತಿದ್ದಿ, ಆಮೇಲೆ ಕಾರ್ಡಿಗೆ ಇಳಿಸುವುದು ನನ್ನ ಅಭ್ಯಾಸ. ನಮ್ಮ ಕಡೆಯ ಕನ್ನಡಕ್ಕೆ ತೆಲುಗಿನ ರಾಗವಿದೆಯೆಂದು ಲೋಕವೆಲ್ಲ ನಗುತ್ತದೆ. ಆ ರಾಗವನ್ನು ಗಂಟಲಿನಿಂದ ಕೀಳಲು ನಾನು ಪಟ್ಟ ಪಾಡು ಹಲ್ಲು ಕೀಳಿಸಿಕೊಂಡವರಿಗೆ ಅರ್ಥವಾದೀತು.

ಬೆಂಗಳೂರಿನ ವಿದ್ಯಾರ್ಥಿನಿಲಯಕ್ಕೆ ಸೇರಿದ ಮೊದಲ ತಿಂಗಳು. ಊಟದ ಪಂಕ್ತಿಯಲ್ಲಿ ಒಬ್ಬೊಬ್ಬರೂ ಅವರವರ ಊರಿನ ಸೊಗಸನ್ನು ಹೇಳುತ್ತಿದ್ದರು. ನನ್ನ ಸರದಿ ಬಂದಾಗ, ನಮ್ಮೂರ ಹೊಳೆಬಾಗಿಲಿನಲ್ಲಿ ಹೊಸ ನೀರು ಬರುವುದನ್ನು ನೋಡಬೇಕು ಎಂದೆ. ಹೊಳೆಬಾಗಿಲು ಎಂದರೆ, ಗೊತ್ತಿಲ್ಲದವರಿಗೆ ಹೇಳುತ್ತೇನೆ, ಹೊಳೆಯು ಕೆರೆಯನ್ನು ಹೊಗುವ ಜಾಗ. ಪಂಕ್ತಿಯೇ ನಕ್ಕಿತು.

“ಹೊಳೆಗೆ ಬಾಗಿಲೇನಯ್ಯಾ! ರಾತ್ರಿ ಅಗುಳಿ ಹಾಕ್ತೀರೋ?” ಎಂದ ಎದುರಿನ ಎಲೆಯವನು, ಮೈಸೂರಿನ ಕಡೆಯ ಹುಡುಗ.

“ಕದ ತಟ್ಟಿ ಬರತ್ತೋ ಹೊಳೆ, ಹಾಗೇ ನುಗ್ಗತ್ತೋ?” ಎಂದ ಪಕ್ಕದವನು.

ತಟ್ಟಿಯೇ ಬರುತ್ತದೆ, ಎನ್ನಬೇಕಾಗಿತ್ತು. ಅದು ನಿಜವೂ ಆಗಿತ್ತು. ಹೇಗೆಂಬುದನ್ನು ಮುಂದೆ ಹೇಳುವೆನು. ಆದರೆ ಅಂದು ನಾನು ತಲೆ ತಗ್ಗಿಸಿ ಸಾರನ್ನ ಕಲೆಸಿದೆ. ಆ ವಾರವೇ ಪುಸ್ತಕಭಂಡಾರದಲ್ಲಿ ಹುಡುಕಿ ‘ಅಳಿವೆ’ಯನ್ನು ಪತ್ತೆಮಾಡಿಕೊಂಡೆ. ಎಂಥ ಪದ! ಒಬ್ಬನೇ ನಡೆಯುವಾಗ ಅದನ್ನು ಹೇಳಿಕೊಳ್ಳುತ್ತಿದ್ದೆ. ನಾಲಗೆಯನ್ನು ಮಡಿಸಿ ಳಕಾರವನ್ನು ತಕ್ಕ ಸ್ಥಾನದಲ್ಲಿ ಮುಟ್ಟಿಸಿದಾಗ, ನಾನೂ ಸರಿಯಾದವರ ಪಂಕ್ತಿಯಲ್ಲಿ ಕುಳಿತೆನೆಂಬ ನೆಮ್ಮದಿ. ಊರಿನ ಮಾತನ್ನು ಹಳೆಯ ಅಂಗಿಯಂತೆ ಮಡಿಸಿ ಮೂಲೆಗಿಟ್ಟೆ.

ಈಗ ಯೋಚಿಸಿದರೆ ಮೈ ಉರಿಯುತ್ತದೆ. ಹೊಳೆಗೆ ಬಾಗಿಲಿದ್ದರೆ ನಗುವವರು, ಒಂದು ಇಡೀ ತಾಲ್ಲೂಕಿಗೆ ಮೂಡಲ ಬಾಗಿಲು ಎಂದು ಹೆಸರಿಟ್ಟು, ಅದು ಸವೆದು ಮುಳಬಾಗಿಲಾದರೂ ನಗದೆ ಮೋಟಾರು ನಿಲ್ದಾಣಗಳಲ್ಲಿ ಬಾಯ್ತುಂಬ ಹೇಳುತ್ತಾರಲ್ಲ! ರಾಜ್ಯಕ್ಕೆ ಬಾಗಿಲಿರಬಹುದು, ಕೋಟೆಗೆ ಇರಬಹುದು, ಹೊಳೆಗೆ ಮಾತ್ರ ಇರಬಾರದು. ಕುದುರೆಯ ಮೇಲೆ ಬಂದವರಿಗೆ ಬಾಗಿಲು, ನೀರಾಗಿ ಬಂದವಳಿಗೆ ಬರಿಯ ಹಳ್ಳ. ನ್ಯಾಯವೇ? ಮುನಿಸಿನಲ್ಲಿ ಒಮ್ಮೆ ನಿಘಂಟನ್ನೂ ತೆರೆದು ನೋಡಿದೆ. ಕೋಡಿ ಇದೆ, ತೂಬು ಇದೆ. ಕೆರೆ ತುಂಬಿ ಹೆಚ್ಚಾದ ನೀರು ಹೊರಗೆ ಹೋಗುವ ದಾರಿಗೂ ಗದ್ದೆಗೆ ನೀರು ಬಿಡುವ ಕಂಡಿಗೂ ವಿದ್ವಾಂಸರು ಸ್ಥಳ ಕೊಟ್ಟಿದ್ದಾರೆ. ನೀರು ಒಳಗೆ ಬರುವ ದಾರಿ ಮಾತ್ರ ಇಲ್ಲ. ಬಾರದ ನೀರು ಹೋಗುವುದು ಹೇಗೆಂದು ನಿಘಂಟುಕಾರರನ್ನು ಯಾರು ಕೇಳಬೇಕು?

ಸಂಸ್ಕೃತದವರು ನದಿ ಕಡಲು ಸೇರುವ ಜಾಗವನ್ನು ನದೀಮುಖವೆಂದರು. ನದಿ ಅವರಿಗೆ ಮುಖ ತೋರಿಸಿತು. ನಮ್ಮೂರ ತೆಲುಗಿನ ಮನೆಗಳಲ್ಲಿ ಹೊಳೆಬಾಗಿಲನ್ನೇ ‘ಏಟಿವಾಕಿಲಿ’ ಎನ್ನುತ್ತಾರೆ. ಅವರಿಗೂ ಅದು ಬಾಗಿಲೇ. ಅಳಿವೆ ಎಂಬುದರಲ್ಲಿ ಅಳಿಯುವ ಅರ್ಥವಿರಬೇಕೆಂದು ನನ್ನ ಊಹೆ. ಪಂಡಿತರು ಒಪ್ಪದಿದ್ದರೆ ಹಿಂತೆಗೆದುಕೊಳ್ಳುತ್ತೇನೆ. ಹಿಂತೆಗೆದುಕೊಳ್ಳುವುದರಲ್ಲಿ ನನಗೆ ಬಹಳ ಅಭ್ಯಾಸವಿದೆ. ಕಡಲ ಕರೆಯವರು ನದಿ ಅಳಿದುಹೋಗುವುದನ್ನು ಕಂಡರು, ಹಾಗೆ ಹೆಸರಿಟ್ಟರು. ಅವರ ತಪ್ಪೇನೂ ಇಲ್ಲ. ನಮ್ಮ ಸೀಮೆಯಲ್ಲಿ ಹೊಳೆ ಅಳಿಯುವಷ್ಟು ದೂರ ಹೋಗುವುದೇ ಅಪರೂಪ. ಪಾಲಾರು ನದಿಯನ್ನು ಸೇರಬೇಕೆಂದು ಹೊರಟ ನಮ್ಮ ಹೊಳೆ ಒಂದು ಕೆರೆಯನ್ನು ಹೊಕ್ಕು, ಕೋಡಿ ಬಿದ್ದು, ಇನ್ನೊಂದನ್ನು ಹೊಕ್ಕು, ಮತ್ತೊಂದರಲ್ಲಿ ಕುಳಿತುಬಿಡುತ್ತದೆ. ನಾವು ಕಂಡದ್ದು ಹೊಳೆ ಬರುವುದನ್ನು. ವರ್ಷದಲ್ಲಿ ಹತ್ತು ತಿಂಗಳು ಮರಳು, ಆಮೇಲೆ ಒಂದು ದಿನ ಬರುವುದು. ಬರುವವಳಿಗೆ ಬಾಗಿಲಲ್ಲದೆ ಮತ್ತೇನನ್ನು ಇಡಬೇಕಾಗಿತ್ತು?

ನಮ್ಮೂರ ಹೊಳೆಬಾಗಿಲಿಗೆ ಎರಡು ಕಲ್ಲುಗಳಿವೆ. ಹದಿನಾರು ಮಾರು ಅಂತರದಲ್ಲಿ ಎದೆಮಟ್ಟ ನಿಂತಿವೆ; ಯಾರು ನೆಟ್ಟರೋ ತಿಳಿಯದು. ಬೇಸಗೆಯ ಕೊನೆಗೆ ಅಲ್ಲಿ ಮರಳೂ ಹೂಳೂ ತುಂಬಿಕೊಂಡಿರುತ್ತದೆ. ಮನೆಗೊಂದಾಳು ಗುದ್ದಲಿ ಹಿಡಿದು ಬಂದು ಅದನ್ನು ಎತ್ತಿಹಾಕಬೇಕು. ದೊಡ್ಡ ಮನೆ ಚಿಕ್ಕ ಮನೆ ಎಂದಿಲ್ಲ; ಆಳು ಕಳಿಸದ ಮನೆಯ ಹೆಸರನ್ನು ಹೆಂಗಸರು ವರ್ಷವಿಡೀ ಬಾವಿಕಟ್ಟೆಯಲ್ಲಿ ಆಡುತ್ತಾರೆ. ಎಲ್ಲ ತೆಗೆದ ಮೇಲೆ ಕಲ್ಲಿನಿಂದ ಕಲ್ಲಿಗೆ ಮೊಳಕಾಲೆತ್ತರದ ಒಂದು ಮರಳ ದಿಂಡನ್ನು ಬಿಡುತ್ತಾರೆ. ಅದಕ್ಕೆ ಹೊಸಿಲು ಎಂದೇ ಹೆಸರು. ಹೊಸ ನೀರು ಬಂದು ಆ ಹೊಸಿಲಿಗೆ ತಾಗಿ ನಿಲ್ಲುತ್ತದೆ. ನಿಂತಾಗ ಅದು ತಂದ ಕಸಕಡ್ಡಿ, ಹೂಳು ಅಲ್ಲೇ ತಂಗುತ್ತವೆ. ಇದರಲ್ಲಿ ಬುದ್ಧಿಯಿಲ್ಲವೆಂದು ಯಾವ ಎಂಜಿನಿಯರೂ ಹೇಳಲಾರ. ಆದರೆ ಊರಿನವರು ಕೊಡುವ ಕಾರಣ ಬೇರೆ. ತವರಿಗೆ ಬಂದ ಮಗಳು ಕರೆಯದೆ ಒಳಗೆ ಬರುತ್ತಾಳೆಯೇ?

ಕರೆಯುವ ಹಕ್ಕು ನೀರಗಂಟಿಯದು. ಕೆರೆಯ ನೀರನ್ನು ಕಾಯುವವನು, ಯಾರ ಗದ್ದೆಗೆ ಎಷ್ಟು ಎಂದು ಬಿಡುವವನು ನೀರಗಂಟಿ. ನಮ್ಮೂರಲ್ಲಿ ಆ ಕೆಲಸ ಪಿಳ್ಳಪ್ಪನದು. ವರ್ಷವಿಡೀ ಪಟೇಲರ ಜಗಲಿಯ ಕೆಳಗೆ ನಿಲ್ಲುವ ಪಿಳ್ಳಪ್ಪನಿಗಾಗಿ ಅಂದು ಪಟೇಲರೂ ಕಾದು ನಿಲ್ಲಬೇಕು. ಅವನು ಹೊಸಿಲಿನ ಈಚೆಗೆ ನಿಂತು, “ಯಾರಮ್ಮಾ ಬಂದೋರು?” ಎಂದು ಮೂರು ಸಲ ಕೇಳುತ್ತಾನೆ. ಎರಡು ಸಲ ಕನ್ನಡದಲ್ಲಿ, ಒಂದು ಸಲ “ಎವರಮ್ಮಾ ವಚ್ಚಿಂದಿ?” ಎಂದು ತೆಲುಗಿನಲ್ಲಿ, ಹೊಳೆ ಯಾವ ಮಾತಿನವಳೋ ಯಾರಿಗೆ ಗೊತ್ತು! ಊರಿನ ಹಿರಿಯ ಹೆಂಗಸು ಹೊಳೆಯ ಪರವಾಗಿ, “ಮಗಳು ಬಂದಿದೀನಿ ಕಣಪ್ಪಾ” ಎನ್ನುತ್ತಾಳೆ. ಆರತಿಯಾಗುತ್ತದೆ. ಪಿಳ್ಳಪ್ಪ ಗುದ್ದಲಿ ಮುಟ್ಟದೆ ಹಿಮ್ಮಡಿಯಿಂದ ಹೊಸಿಲನ್ನು ಒದೆಯುತ್ತಾನೆ. ಆಗ ಎಲ್ಲರೂ ಬದಿಗೆ ಸರಿಯಬೇಕು. ಬಾಗಿಲಲ್ಲಿ ಯಾರೂ ನಿಲ್ಲಕೂಡದು. ಮನೆಗೆ ಬರುವ ಮಗಳು ಯಾರನ್ನೋ ಬಳಸಿಕೊಂಡು ಬರುವಂತಾಗಬಾರದು. ವಿದ್ಯಾರ್ಥಿನಿಲಯದ ಮಿತ್ರರೇ, ಹೊಳೆ ಕದ ತಟ್ಟುವುದೆಂದರೆ ಇದು.

ಪದವೀಧರನಾದ ವರ್ಷದಿಂದ ಗುದ್ದಲಿಯ ದಿನ ನಾನು ಬರಬೇಕಾಗಿಲ್ಲವೆಂದು ಊರೇ ತೀರ್ಮಾನಿಸಿತು. “ಓದಿರೋ ಕೈ, ಬೊಬ್ಬೆ ಬಂದಾವು” ಎಂದರು. ನಮ್ಮ ಮನೆಯ ಪಾಲಿಗೆ ಅಪ್ಪನೇ ಹೋಗುತ್ತಿದ್ದ. ನಾನು ದಡದಲ್ಲಿ, ಕೊಡೆಯ ಕೆಳಗೆ.

ಹೀಗಿರುವಾಗ ನಮ್ಮೂರ ಮೇಲೆ ಹೊಸ ಮೋಟಾರು ರಸ್ತೆ ಬಂತು. ಅಳತೆಯವರು ಬಂದು ಗೂಟ ನೆಟ್ಟು ಹೋದ ಮೇಲೆ ಕಂಡದ್ದೇನೆಂದರೆ, ರಸ್ತೆಯ ಏರಿ ಹೊಳೆಬಾಗಿಲಿಗೆ ಅಡ್ಡಲಾಗಿಯೇ ಸಾಗುತ್ತದೆ, ನೀರಿಗೆಂದು ಎರಡು ಸಿಮೆಂಟಿನ ಕೊಳವೆ ಇಡುತ್ತಾರೆ. ಕುರಿಮರಿ ನುಸುಳುವಷ್ಟು ಅಗಲದ ಕೊಳವೆ. ಅದರಲ್ಲಿ ಹೊಳೆ ಹೇಗೆ ಬಂದೀತು? ಬಾರದಿದ್ದರೆ ಏರಿಯನ್ನು ಬಳಸಿ ಉತ್ತರದ ಹಳ್ಳಕ್ಕೆ ತಿರುಗಿಬಿಡುತ್ತದೆ. ಕೆರೆ ಒಣಗುತ್ತದೆ, ಗದ್ದೆ ಹೋಗುತ್ತದೆ, ಆ ಕೆರೆಯನ್ನೇ ನಂಬಿದ ಬಾವಿಗಳೂ ಹೋಗುತ್ತವೆ. ಊರಿನವರು ಕೂಡಿ ಅರ್ಜಿ ಕೊಡುವುದೆಂದು ನಿರ್ಧರಿಸಿದರು. ಬರೆಯುವವರು ಯಾರು? ಬಿ.ಎ. ಮಾಡಿದವನು ಊರಲ್ಲೇ ಇರುವಾಗ ಅದೇನು ಕೇಳುವ ಮಾತೇ?

ಅಪ್ಪ ಜಗಲಿಯ ಮೇಲೆ ಕುಳಿತು ಹೇಳಿದ: “ಬರ್ಕೋ. ನಮ್ಮೂರ ಹೊಳೆಬಾಗಿಲಿಗೆ ಅಡ್ಡ ರಸ್ತೆ ಬತ್ತಾ ಐತೆ. ಹದಿನಾರು ಮಾರು ಬಾಗಿಲು ಐತೆ, ಎರಡೂ ಕಡೆ ಕಲ್ಲು ಐತೆ, ಬಂದು ನೋಡ್ರಿ. ಬಾಗಿಲು ಬಿಟ್ಟು ರಸ್ತೆ ಕಟ್ರಿ. ಅಷ್ಟೇ ಕಣಪ್ಪ.”

ಅಷ್ಟೇ ಆಗಿತ್ತು. ಮೂರು ವಾಕ್ಯ. ಅದನ್ನು ಹಾಗೆಯೇ ಬರೆದಿದ್ದರೆ ಇಂದು ಈ ಪ್ರಬಂಧಕ್ಕೆ ವಸ್ತುವಿರುತ್ತಿರಲಿಲ್ಲ. ಆದರೆ ದೊಡ್ಡ ಕಚೇರಿಗೆ ಹೋಗುವ ಕಾಗದ, ಓದುವವರು ಸಾಮಾನ್ಯರಲ್ಲ. ‘ಹೊಳೆಬಾಗಿಲು’ ಎಂದು ಬರೆದರೆ ಅಲ್ಲಿಯೂ ಒಂದು ಪಂಕ್ತಿ ನಕ್ಕೀತು! ‘ಮಾರು’ ಎಂಬ ಅಳತೆ ಗ್ರಾಮ್ಯ. ‘ಕಲ್ಲು ಐತೆ’ ಎಂಬುದನ್ನು ಹೇಳುವುದೇ ಬೇಡ. ಮೂರು ಸಲ ಕರಡು ತಿದ್ದಿ ನಾಲ್ಕು ಪುಟದ ಅರ್ಜಿಯನ್ನು ರಚಿಸಿದೆ. ಅದರ ಒಂದು ವಾಕ್ಯ ಇಂದಿಗೂ ಬಾಯಲ್ಲಿದೆ: ‘ಅಸ್ಮದ್ಗ್ರಾಮದ ಪಶ್ಚಿಮ ದಿಗ್ಭಾಗದಲ್ಲಿರುವ ಅಳಿವೆಯು ಪ್ರಸ್ತುತ ಮಾರ್ಗನಿರ್ಮಾಣದಿಂದ ಅವರುದ್ಧವಾಗುವ ಸಂಭವವಿರುವುದರಿಂದ...’ ಗಟ್ಟಿಯಾಗಿ ಓದಿ ಹೇಳಿದಾಗ ಊರಿನವರು ಕೈಮುಗಿದರು. ಯಾರಿಗೂ ಅರ್ಥವಾಗಲಿಲ್ಲ; ಆದುದರಿಂದ ಕೆಲಸ ಆಗಿಯೇ ತೀರುವುದೆಂದು ಎಲ್ಲರಿಗೂ ನಂಬಿಕೆ ಬಂತು. ಪಿಳ್ಳಪ್ಪನೊಬ್ಬ ಮಾತ್ರ, “ಸಾಮಿ, ಇದ್ರಾಗೆ ಬಾಗಿಲು ಎಲ್ಲಿ ಬಂತು?” ಎಂದು ಕೇಳಿದ. “ಬಂದಿದೆ, ಬಂದಿದೆ, ನಿನಗೆ ತಿಳಿಯದು” ಎಂದೆ. ಈ ಮಾತನ್ನು ಬರೆಯುವಾಗ ಕೈ ತಡೆಯುತ್ತದೆ; ಆದರೂ ಬರೆಯುತ್ತೇನೆ.

ಎರಡು ತಿಂಗಳಿಗೆ ಉತ್ತರ ಬಂತು. ಅರ್ಜಿದಾರರು ಕಾಣಿಸಿರುವ ಅಳಿವೆಯು ಸದರಿ ತಾಲ್ಲೂಕಿನಲ್ಲಿ ಇರುವುದಿಲ್ಲ, ಸಮುದ್ರವೂ ಇರುವುದಿಲ್ಲ, ಆದ ಕಾರಣ ಅರ್ಜಿಯನ್ನು ದಾಖಲು ಮಾಡಿ ಮುಕ್ತಾಯಗೊಳಿಸಲಾಗಿದೆ.

ಮೊದಲು ನನಗೆ ಬಂದದ್ದು ಕೆಂಡದಂಥ ಕೋಪ. ನಾಲ್ಕು ಪುಟದ ಅರ್ಜಿಯಲ್ಲಿ ಊರಿನ ಹೆಸರಿತ್ತು, ರಸ್ತೆಯ ಹೆಸರಿತ್ತು, ಕೆರೆಯ ಹೆಸರಿತ್ತು. ಅವೆಲ್ಲವನ್ನೂ ಬಿಟ್ಟು ಒಂದು ಪದವನ್ನು ಹಿಡಿದು, ನಕಾಶೆಯಲ್ಲಿ ಸಮುದ್ರವನ್ನು ಹುಡುಕಿ, ಸಿಕ್ಕದೆ, ಹಾಗೆಂದು ಬರೆದು ಸಹಿ ಮಾಡಿದ ಮಹಾನುಭಾವನು ಎಂಥವನಿರಬೇಕು! ಒಂದು ದಿನ ಬಂದು ನೋಡಬಾರದಾಗಿತ್ತೇ? ಕಚೇರಿಯ ಹೆಸರನ್ನು ಹೇಳುವುದಿಲ್ಲ. ಹೇಳಿದರೆ ಅಂಥ ಕಚೇರಿಯೂ ಇರುವುದಿಲ್ಲವೆಂದು ಕಾಗದ ಬಂದೀತು.

ಊರಿಗೆ ಓದಿ ಹೇಳದೆ ಗತಿಯಿರಲಿಲ್ಲ. ಓದಿದೆ. ನನ್ನ ಸೋದರತ್ತೆ ಮುನಿಯಮ್ಮ, ಊರಿನ ಹೆಂಗಸರಲ್ಲೆಲ್ಲ ಹಿರಿಯಳು, ಬಾಯಲ್ಲಿದ್ದ ಎಲೆಅಡಿಕೆ ಉಗಿದು, “ಸಮುದ್ರ ಯಾರ್ಲಾ ಕೇಳಿದ್ರು ಅವರ‍್ನ?” ಎಂದಳು. ಯಾರೋ ಕಿಸಕ್ಕನೆ ನಕ್ಕರು. ಅಂದಿನಿಂದ ನಾನು ‘ಸಮುದ್ರದ ಮೇಷ್ಟ್ರು’. ಅಪ್ಪ ಮಾತ್ರ ನಗಲಿಲ್ಲ. ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಇನ್ನೊಂದು ಅರ್ಜಿಯನ್ನು ಬರೆದೆ. ವಿಷಯವು ಈಗಾಗಲೇ ಮುಕ್ತಾಯಗೊಂಡಿದೆ ಎಂದು ಒಂದೇ ಸಾಲಿನ ಉತ್ತರ ಬಂತು. ಅಷ್ಟರಲ್ಲಿ ಎರಡೂ ಕಡೆಯಿಂದ ಮಣ್ಣು ಬೀಳುತ್ತಾ ಬಂದು ಏರಿ ಕೂಡಿಕೊಂಡಿತು. ಬಾಗಿಲ ಕಲ್ಲುಗಳು ಸೊಂಟದವರೆಗೆ ಹೂತುಹೋದುವು. ನಡುವೆ ಎರಡು ಕೊಳವೆಗಳು, ಅಗಲ ಮುಖದ ಮೇಲೆ ಇಟ್ಟ ಸಣ್ಣ ಮೂಗಿನ ಹೊಳ್ಳೆಗಳಂತೆ.

ಭಾದ್ರಪದದಲ್ಲಿ ಮಳೆ ಬಂತು. ಮರುದಿನ ಬೆಳಗ್ಗೆ ಹೊಳೆಯೂ ಬಂತು. ನಾವೆಲ್ಲ ಓಡಿದೆವು. ಹೊಳೆ ಜಾಲಿಯ ಕೊಂಬೆಗಳನ್ನೂ ಮುಳ್ಳಿನ ಪೊದೆಗಳನ್ನೂ ಹೊತ್ತು ತಂದು ಎರಡು ಕೊಳವೆಗಳ ಬಾಯಿಗೂ ತುರುಕಿ, ಏರಿಯ ಹಿಂದೆ ಕೆಂಪಗೆ ನಿಂತಿತ್ತು. ನಿಂತಲ್ಲಿಯೇ ಏರುತ್ತಿತ್ತು. ಉತ್ತರದ ಕಡೆ ಒಂದು ನಾಲಗೆ ಆಗಲೇ ಹಳ್ಳದತ್ತ ಹೊರಳಿತ್ತು. ಏರಿಯ ಮೇಲೆ ರಸ್ತೆಯ ಓವರ್ಸಿಯರು, ಮೈಸೂರಿನ ಕಡೆಯ ಎಳೆಯ ವಯಸ್ಸಿನವರು, ಸೈಕಲ್ಲನ್ನು ಹಿಡಿದುಕೊಂಡು ನಿಂತಿದ್ದರು. ಜೊತೆಗೆ ಆರೇಳು ಜನ ಕೂಲಿಗಳು.

ನಾನು ಮುಂದೆ ಹೋಗಿ ವಿಷಯವನ್ನು ವಿವರಿಸಬೇಕೆಂದು ಮನಸ್ಸಿನಲ್ಲಿಯೇ ವಾಕ್ಯ ಕಟ್ಟುತ್ತಿದ್ದೆ. ‘ಮಾನ್ಯರೇ’ ಎಂದು ತೊಡಗುವುದೋ ‘ಸ್ವಾಮಿ’ ಎಂದೋ ಇನ್ನೂ ತೀರ್ಮಾನವಾಗಿರಲಿಲ್ಲ. ಅಷ್ಟರಲ್ಲಿ ಮುನಿಯಮ್ಮತ್ತೆ ಆರತಿಯ ತಟ್ಟೆ ಹಿಡಿದು, ಹಿಂದೆ ಹೆಂಗಸರನ್ನು ಕರೆದುಕೊಂಡು, ನೇರವಾಗಿ ಏರಿ ಹತ್ತಿದಳು.

“ಏನಮ್ಮಾ ಇದು? ರಸ್ತೆಗೆ ಪೂಜೆ ಮಾಡೋಕೆ ಬಂದ್ರಾ?” ಎಂದರು ಓವರ್ಸಿಯರು.

“ರಸ್ತೆಗ್ಯಾಕೆ ಮಾಡಾನ ಸಾಮಿ? ಮಗಳು ಬಂದವ್ಳೆ. ನೀವು ಬಾಗಿಲಾಗೆ ನಿಂತಿದೀರ. ವಸಿ ಈ ಕಡೀಕೆ ಬನ್ನಿ.”

“ಬಾಗಿಲಾ? ಎಲ್ಲಿದೆ ಬಾಗಿಲು?”

ಪಿಳ್ಳಪ್ಪ ಕೈ ತೋರಿಸಿದ. “ಅಗೋ ಒಂದು ಕಲ್ಲು. ಇಗೋ ಒಂದು. ನಿಮ್ಮ ಮಣ್ಣು ಅವುಕ್ಕೆ ಸೊಂಟದ ಗಂಟ ಬಂದೈತೆ, ಪಾಪ.”

ಓವರ್ಸಿಯರು ಒಂದು ಕಲ್ಲನ್ನು ನೋಡಿದರು, ಇನ್ನೊಂದನ್ನು ನೋಡಿದರು, ಎರಡು ಕೊಳವೆಗಳನ್ನು ನೋಡಿದರು. ಸೈಕಲ್ಲನ್ನು ಮೆಲ್ಲನೆ ಬದಿಗೆ ಸರಿಸಿದರು. ಪಿಳ್ಳಪ್ಪ ಏರಿಯ ನಡುವೆ ನೀರಿಗೆ ಎದುರಾಗಿ ನಿಂತ. ಎಂದಿನ ದನಿಯಲ್ಲಿ ಕೇಳಿದ:

“ಯಾರಮ್ಮಾ ಬಂದೋರು?”

“ಮಗಳು ಬಂದಿದೀನಿ ಕಣಪ್ಪಾ” ಎಂದಳು ಅತ್ತೆ. ಮೂರು ಸಲವೂ ಆಯಿತು. ಆರತಿ ಆಯಿತು. ಈಗ ಒದೆಯಬೇಕು. ಪಿಳ್ಳಪ್ಪ ಕಾಲೆತ್ತಿದವನು ಹಾಗೆಯೇ ಇಳಿಸಿ ಓವರ್ಸಿಯರ ಕಡೆ ತಿರುಗಿದ.

“ವರ್ಷಾ ವರ್ಷಾ ಮರಳಿನ ಹೊಸಿಲು. ಈ ಸಲ ಸರ್ಕಾರದ ಮಣ್ಣು ಸಾಮಿ. ನಾನು ಒದ್ರೆ ಜೇಲು. ನೀವು ಹೂಂ ಅಂದ್ರೆ ಬಾಗಿಲು.”

ನಾನು ಎಷ್ಟೋ ಉಪನ್ಯಾಸಗಳನ್ನು ಕೇಳಿದ್ದೇನೆ. ಇಷ್ಟು ಚಿಕ್ಕದಾದ, ಇಷ್ಟು ಸರಿಯಾದ ಅರ್ಜಿಯನ್ನು ಕೇಳಿರಲಿಲ್ಲ. ನೀರು ಏರಿಯ ಹಸಿಮಣ್ಣನ್ನು ಹೆಂಟೆ ಹೆಂಟೆಯಾಗಿ ಕೆಡವುತ್ತಿತ್ತು. ಓವರ್ಸಿಯರು ಬಗ್ಗಿ ಬೂಟು ಬಿಚ್ಚಿದರು. ಏಕೆ ಬಿಚ್ಚಿದರೋ ಅವರಿಗೂ ತಿಳಿದಿರಲಾರದು. ಆಮೇಲೆ ಕೂಲಿಗಳಿಗೆ, “ಕಡೀರಯ್ಯಾ” ಎಂದರು. ಪಿಳ್ಳಪ್ಪನನ್ನು ಕೇಳಿದರು: “ಎಷ್ಟಗಲ?”

“ಬಾಗಿಲಷ್ಟು.”

ಅವರ ಟೇಪನ್ನು ಕಲ್ಲಿನಿಂದ ಕಲ್ಲಿಗೆ ಹಿಡಿದವನು ನಾನೇ. ಊರಿನ ಕೆಲಸದಲ್ಲಿ ಬಹಳ ವರ್ಷಗಳ ಮೇಲೆ ನನ್ನ ಕೈಗೆ ಸಿಕ್ಕ ಪಾಲು ಅದು. ಊರಿನವರೂ ಗುದ್ದಲಿ ತಂದರು. ಎಲ್ಲರೂ ಕಡಿದದ್ದು ನಡುವಿನ ತೆಳ್ಳಗಿನ ಒಂದು ದಿಂಡಿಗೆ ಬಂದಾಗ ಪಿಳ್ಳಪ್ಪ ಹಿಮ್ಮಡಿಯಿಂದ ಒದ್ದ. ಹೊಳೆ ಒಳಗೆ ಬಂತು. ಎಲ್ಲರೂ ಬದಿಗೆ ಸರಿದೆವು, ಓವರ್ಸಿಯರೂ ಸರಿದರು.

ಆಮೇಲೆ ಅವರು ಹಣೆ ಒರೆಸಿಕೊಳ್ಳುತ್ತಾ, “ಇಷ್ಟು ಮುಖ್ಯವಾದ ವಿಷಯ, ಮೊದಲೇ ಯಾಕ್ರೀ ಕಚೇರಿಗೆ ಬರ‍್ಕೊಳ್ಲಿಲ್ಲ?” ಎಂದು ಕೇಳಿದರು. ಊರಿಗೆ ಊರೇ ತಿರುಗಿ ನನ್ನನ್ನು ನೋಡಿತು.

“ಬರ್ದಿದ್ವಿ ಸಾಮಿ” ಎಂದ ನಮ್ಮಪ್ಪ, ಕಾಲಿನ ಕೆಸರು ತೊಳೆಯುತ್ತಾ. “ವಸಿ ಜಾಸ್ತಿ ಓದಿರೋರ ಕೈಲಿ ಬರೆಸಿಬಿಟ್ವಿ.”

ಅವರು ಒಳ್ಳೆಯವರು. ನಗದೆ, ಅಲ್ಲಿಯೇ ಕುಳಿತು ವರದಿ ಬರೆದುಕೊಂಡರು. ಮರುವರ್ಷದ ಬೇಸಗೆಯಲ್ಲಿ ಮೂರು ಕಮಾನಿನ ಸೇತುವೆಯಾಯಿತು, ಕಲ್ಲಿನಿಂದ ಕಲ್ಲಿಗೆ. ಕೆರೆ ತುಂಬುತ್ತಿದೆ. ಇಲ್ಲಿಗೆ ಕಥೆ ಮುಗಿದಿದ್ದರೆ ನನ್ನ ಸಿಟ್ಟೂ ಮುಗಿಯುತ್ತಿತ್ತು. ಆದರೆ ವರದಿಯೆಂಬುದು ಗಾಳಿಯಲ್ಲಿ ನಿಲ್ಲುವುದಿಲ್ಲವಂತೆ. ಅದನ್ನು ಹಾಕಲು ಒಂದು ಕಡತ ಬೇಕು. ನಮ್ಮೂರ ಹೊಳೆಯ ವಿಷಯದಲ್ಲಿ ಆ ಕಚೇರಿಯಲ್ಲಿದ್ದ ಕಡತ ಒಂದೇ, ನನ್ನದು. ಮುಕ್ತಾಯಗೊಂಡಿದ್ದ ಅದನ್ನು ಎಬ್ಬಿಸಿ ಕೂರಿಸಿದರು. ಕಡತದ ಹೆಸರು ‘ಅಳಿವೆ’. ಮಂಜೂರಾದದ್ದು ‘ಅಳಿವೆ ಸೇತುವೆ’. ಸೇತುವೆಯ ತಲೆಗೆ ಕಲ್ಲು ಕೆತ್ತಿಸಲು ಶಿವಾರಪಟ್ಟಣದಿಂದ ಶಿಲ್ಪಿಯೊಬ್ಬರನ್ನು ಕರೆಸಿದರು. ದೇವರ ವಿಗ್ರಹಗಳನ್ನು ಕಡೆದ ಕೈ. ಅಕ್ಷರಗಳನ್ನೂ ವಿಗ್ರಹಗಳಂತೆಯೇ ಕಡೆದಿದ್ದಾರೆ. ಆ ಳಕಾರದ ಸುಳಿಯನ್ನು ನೋಡಬೇಕು! ತಪ್ಪೊಂದು ಇಷ್ಟು ಅಂದವಾಗಿ ನಿಂತಿರುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ಸಮುದ್ರ ಯಾವ ದಿಕ್ಕಿಗೆ ಎಂದು ಯಾರೂ ಕೈ ತೋರಿಸಲಾರದ ಜಾಗದಲ್ಲಿ, ರಾಗಿಹೊಲದ ಪಕ್ಕದಲ್ಲಿ, ಅಳಿವೆ!

ರಜ ಹಾಕಿ ಕಚೇರಿಗೆ ಹೋದೆ. ಗುಮಾಸ್ತರ ಮುಂದೆ ಅವರದೇ ಕಾಗದವನ್ನಿಟ್ಟು, ಸದರಿ ತಾಲ್ಲೂಕಿನಲ್ಲಿ ಅಳಿವೆ ಇರುವುದಿಲ್ಲವೆಂದು ತಾವೇ ಬರೆದಿದ್ದೀರಿ, ಕಲ್ಲನ್ನು ತಿದ್ದಿಸಬೇಕು, ಎಂದೆ. ಅವರು ಎರಡು ಸಲ ಓದಿ, ಕನ್ನಡಕ ತೆಗೆದು ಹೇಳಿದರು: “ಇಲ್ಲ ಅಂತ ಬರ್ದಿರೋದು ನಿಜ ಕಣ್ರೀ. ಆದರೆ ಇಲ್ಲ ಅಂತ ಬರ್ದಿರೋದೂ ಅಳಿವೆ ವಿಷಯದಲ್ಲೇ ಅಲ್ವೇ? ದಾಖಲೆ ಇದ್ದ ಮೇಲೆ ಇದ್ದ ಹಾಗೇ.” ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡು ಊರಿನ ಮೋಟಾರು ಹತ್ತಿದೆ.

ಈಗ ಮೋಟಾರಿನವರು “ಅಳಿವೆ, ಅಳಿವೆ, ಇಳೀರಿ” ಎಂದು ಕೂಗುತ್ತಾರೆ. ಮುಳಬಾಗಿಲಿನ ಸಂತೆಗೆ ಹೋಗುವ ಹೆಂಗಸರು “ಅಳಿವೆತಾವ ಹತ್ಕಂಡ್ವಿ” ಎನ್ನುತ್ತಾರೆ. ನನ್ನ ಸಂಕಟವನ್ನು ಪಿಳ್ಳಪ್ಪನ ಮುಂದೆ ತೋಡಿಕೊಂಡೆ. ಅವನು ಸೇತುವೆಯ ಕಲ್ಲನ್ನು, ಓದು ಬಾರದ ಕಣ್ಣುಗಳಿಂದ, ಸ್ವಲ್ಪ ಹೊತ್ತು ಪ್ರೀತಿಯಿಂದಲೇ ನೋಡಿದ. “ಇರ‍್ಲಿ ಬಿಡಿ ಸಾಮಿ. ಸಮುದ್ರ ಬಿಟ್ಟು ಇಷ್ಟು ದೂರ ಬಂದೈತೆ. ನೆಂಟ ಅಂತ ಇಟ್ಕಳ್ಳಾನ” ಎಂದ. ನನಗೆ ಮಾತ್ರ ಹಾಗೆ ಇಟ್ಟುಕೊಳ್ಳುವ ದೊಡ್ಡ ಮನಸ್ಸು ಇನ್ನೂ ಬಂದಿಲ್ಲ.

ಅಪ್ಪನಿಗೆ ಈಗ ಬೆನ್ನು ಬಗ್ಗುವುದಿಲ್ಲ. ನಮ್ಮ ಮನೆಯ ಪಾಲಿನ ಗುದ್ದಲಿಯನ್ನು ಮೂರು ವರ್ಷದಿಂದ ನಾನೇ ಹಿಡಿಯುತ್ತಿದ್ದೇನೆ. “ಏನ್ಲಾ, ಸಮುದ್ರದ ಮೇಷ್ಟ್ರು ಮರಳು ಎತ್ತಾಕ್ತವ್ರೆ!” ಎಂದು ಹಾಸ್ಯ ಮಾಡುವವರಿದ್ದಾರೆ. ಬೊಬ್ಬೆ ಬಂದು, ಒಡೆದು, ಈಗ ಗಟ್ಟಿಯಾಗಿದೆ.

ಈ ವರ್ಷ ಹೊಸ ನೀರು ಬಂದ ದಿನ, ಕಮಾನಿನ ಮುಂದೆ ಹೊಸಿಲು ಬಿಟ್ಟು ಎಲ್ಲರೂ ಕಾಯುತ್ತಿದ್ದರು. ನಾನು ಗುದ್ದಲಿಯನ್ನು ಊರಿಕೊಂಡು ತಲೆಯೆತ್ತಿ ಆ ಕಲ್ಲನ್ನೇ ನೋಡುತ್ತಿದ್ದೆ. ಕಚೇರಿಗೆ ಇನ್ನೊಂದು ಕಾಗದ ಬರೆಯಬೇಕು, ಈ ಸಲ ಕಟುವಾಗಿಯೇ ಬರೆಯಬೇಕು ಎಂದುಕೊಂಡು ಮೊದಲ ವಾಕ್ಯವನ್ನು ಮನಸ್ಸಿನಲ್ಲಿ ತಿದ್ದುತ್ತಿದ್ದೆ. ಪ್ರಶ್ನೆಯಾದದ್ದೂ ಆರತಿಯಾದದ್ದೂ ನನಗೆ ತಿಳಿಯಲಿಲ್ಲ.

“ಸಾಮಿ” ಎಂದ ಪಿಳ್ಳಪ್ಪ, ಎತ್ತಿದ ಕಾಲನ್ನು ಇಳಿಸದೆ, “ಬಾಗಿಲಾಗೆ ನಿಂತಿದೀರ.”

ನಾನು ಬದಿಗೆ ಸರಿದೆ. ಹೊಳೆ, ಮೇಲಿನ ಕಲ್ಲನ್ನು ಓದುವ ಗೋಜಿಗೆ ಹೋಗದೆ, ಒಳಗೆ ಬಂತು.